ಗೋಳಗುಮ್ಮಟದೊಳಗೆ ಒಂದು ಮಳೆಯ ಹೊತ್ತು

ಪ್ರವಾಸ ಹೊರಡುವವರಲ್ಲಿ ಎರಡು ಪಂಗಡಗಳಿವೆ. ಊರನ್ನು ನೋಡಲು ಹೋಗುವವರು ಮೊದಲನೆಯವರು. ಮಕ್ಕಳನ್ನು ಕರೆದುಕೊಂಡು ಊರನ್ನು ನೋಡಲು ಹೋಗುವವರು ಎರಡನೆಯವರು. ಮೊದಲನೆಯವರು ಹಿಂದಿರುಗಿದ ಮೇಲೆ ಕಂಬಗಳ ಕೆತ್ತನೆ, ಕಮಾನುಗಳ ಬಾಗು, ಶಾಸನಗಳ ಅಕ್ಷರ ಇವುಗಳ ವಿಷಯವಾಗಿ ಮಾತನಾಡುತ್ತಾರೆ. ಎರಡನೆಯವರ ಮಾತೆಲ್ಲ ಬಿಸಿನೀರು ದೊರೆತ ಸ್ಥಳ, ಹಾಲು ದೊರೆಯದ ಸ್ಥಳ, ಕಳೆದುಹೋದ ಒಂದು ಕಾಲುಚೀಲ ಇವುಗಳನ್ನು ಕುರಿತದ್ದೇ. ಮದುವೆಗೆ ಮೊದಲು ನಾನು ಮೊದಲನೆಯ ಪಂಗಡದ ನಿಷ್ಠಾವಂತ ಸದಸ್ಯನಾಗಿದ್ದೆ. ಎರಡನೆಯ ಪಂಗಡಕ್ಕೆ ಸೇರಿ ಎಂಟು ವರ್ಷಗಳಾಗಿದ್ದರೂ ಹಳೆಯ ಚಾಳಿಯನ್ನು ಬಿಟ್ಟಿರಲಿಲ್ಲ. ಅದನ್ನು ಬಿಡಿಸಿದ್ದು ವಿಜಯಪುರದ ಮಳೆ. ಆ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ಇದರಲ್ಲಿ ನನ್ನ ಪ್ರತಾಪವೇನೂ ಇಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ದಸರೆಯ ರಜೆಯ ಮಾತು. ನಾಡಿನ ಜನರೆಲ್ಲ ಮೈಸೂರಿನ ಕಡೆಗೆ ಮುಖಮಾಡಿ ಬರುತ್ತಿರುವಾಗ ಮೈಸೂರಿನವರಾದ ನಾವು ಊರು ಬಿಟ್ಟು ಹೊರಟೆವು. ಮನೆಯಲ್ಲಿದ್ದರೆ ನಂಟರಿಷ್ಟರಿಗೆ ಕಾಫಿ ಕಾಯಿಸುವುದರಲ್ಲೇ ರಜೆ ಕರಗಿಹೋಗುವುದೆಂದು ನನ್ನ ಹೆಂಡತಿ ವಾದಿಸಿದಳು, ಅದಕ್ಕೆ ಎದುರುತ್ತರವಿರಲಿಲ್ಲ. ಮೈಸೂರಿನಿಂದ ವಿಜಯಪುರದ ಮೇಲೆ ಹಾದುಹೋಗುವ ರೈಲಿಗೆ ಗೋಳಗುಮ್ಮಟದ ಹೆಸರನ್ನೇ ಇಟ್ಟಿದ್ದಾರಷ್ಟೆ. ಆ ಹೆಸರನ್ನು ಕೇಳಿದ್ದೇ ತಡ, ಎಂಟು ವರ್ಷದ ನಮ್ಮ ರಾಜು, "ಅಪ್ಪ, ಆ ರೈಲಿನ ಮೇಲೂ ಗುಮ್ಮಟ ಇರತ್ತಾ?" ಎಂದು ಕೇಳಿದ. ನಾಲ್ಕೂವರೆ ವರ್ಷದ ಪುಟ್ಟಿ, "ಇರತ್ತೆ. ಅದರೊಳಗೆ ಡ್ರೈವರ್ ಮಲಗ್ತಾನೆ" ಎಂದು ತೀರ್ಪು ಕೊಟ್ಟಳು.

ಮಕ್ಕಳಿಗೆ ಇತಿಹಾಸವನ್ನು ಕಣ್ಣಾರೆ ತೋರಿಸಿ ಕಲಿಸಬೇಕೆಂಬುದು ನನ್ನ ಸಂಕಲ್ಪ. ಅದಕ್ಕಾಗಿ ಹದಿನೈದು ದಿನ ಮೊದಲೇ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಟಿಪ್ಪಣಿಗಳನ್ನು ಬರೆಯತೊಡಗಿದ್ದೆ. ಆದಿಲಶಾಹಿ ಸುಲ್ತಾನರ ವಂಶಾವಳಿ, ಕಟ್ಟಡಗಳ ಅಳತೆ, ಇಸವಿಗಳು ಎಲ್ಲವೂ ಅದರಲ್ಲಿದ್ದುವು. ಮೊದಲನೆಯ ಪುಟದಲ್ಲಿ ಒಂದೇ ದಿನ ನೋಡಬೇಕಾದ ಹತ್ತು ಸ್ಥಳಗಳನ್ನು ಗಂಟೆ ನಿಮಿಷಗಳ ಸಮೇತ ಪಟ್ಟಿ ಮಾಡಿದ್ದೆ: ಗೋಳಗುಮ್ಮಟ, ಅದರ ಮುಂದಿನ ವಸ್ತುಸಂಗ್ರಹಾಲಯ, ಜುಮ್ಮಾ ಮಸೀದಿ, ಅಸಾರ್ ಮಹಲು, ಗಗನ ಮಹಲು, ಬಾರಾ ಕಮಾನು, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, ತಾಜ್ ಬಾವಡಿ, ಕೊನೆಯದಾಗಿ ಇಬ್ರಾಹೀಂ ರೋಜಾ. ನನ್ನ ಹೆಂಡತಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಇದರಲ್ಲಿ ಊಟ ಎಲ್ಲಿದೆ?" ಎಂದಳು. ಊಟವನ್ನು ನಾನು ಮರೆತಿದ್ದೆ. "ಮಳೆ ಬಂದರೆ?" ಎಂದಳು. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿತ್ತು. ವಿಜಯಪುರವು ಬರಗಾಲಕ್ಕೆ ಹೆಸರಾದ ಸೀಮೆ. ಅಲ್ಲಿ ನಮ್ಮ ಪ್ರವಾಸಕ್ಕೆಂದೇ ಮಳೆ ಕಾದುಕೊಂಡಿರುತ್ತದೆಯೆ, ಎಂದು ನಕ್ಕೆ.

ಕಾದುಕೊಂಡಿತ್ತು. ರಾತ್ರಿಯೆಲ್ಲ ಪಯಣಿಸಿ ಮರುದಿನ ಬೆಳಗ್ಗೆ ನಿಲ್ದಾಣದಲ್ಲಿ ಇಳಿದಾಗ ಆಕಾಶವು ನೆಲಕ್ಕೆ ತಾಗುವಂತೆ ಕಪ್ಪಾಗಿ ಬಾಗಿತ್ತು. ವಸತಿಗೃಹದಲ್ಲಿ ಸ್ನಾನ, ಉಪಾಹಾರ ಮುಗಿಸುವ ವೇಳೆಗೆ ಮಳೆ ಆರಂಭವಾಯಿತು. ಅದು ಹೊಯ್ದು ಹೋಗುವ ಮಳೆಯಲ್ಲ. ಜಿಟಿಜಿಟಿಯೆಂದು ಹಿಡಿದುಕೊಂಡು ಕೂತ ಮಳೆ. ನಮ್ಮಲ್ಲಿದ್ದುದು ಒಂದೇ ಕೊಡೆ. ನಾನು ಬಾಗಿಲಲ್ಲಿ ನಿಂತು ಗಡಿಯಾರವನ್ನೂ ಆಕಾಶವನ್ನೂ ಸರದಿಯಂತೆ ನೋಡುತ್ತ ಮಳೆಯನ್ನು ಶಪಿಸತೊಡಗಿದೆ.

ಆ ಊರಿನಲ್ಲಿ ಈಗ ಆಟೋಗಳದೇ ರಾಜ್ಯವಾದರೂ ಅಲ್ಲೊಂದು ಇಲ್ಲೊಂದು ಟಾಂಗಾ ಉಳಿದಿವೆ. ಒಂದು ಟಾಂಗಾ ನಮ್ಮೆದುರಿಗೆ ಬಂದು ನಿಂತುದೇ ಮಕ್ಕಳಿಬ್ಬರೂ ನನ್ನ ಅಪ್ಪಣೆಗೆ ಕಾಯದೆ ಹತ್ತಿಬಿಟ್ಟರು. ಗಾಡಿಯವನು ಎಪ್ಪತ್ತರ ಸಮೀಪದ ವೃದ್ಧ. ಮೇಲಿನ ತಾಡಪತ್ರಿಯನ್ನು ಎಳೆದು ಮಕ್ಕಳಿಗೆ ಹನಿ ತಾಗದಂತೆ ಬಿಗಿದ. ನಾನು ಮತ್ತೊಮ್ಮೆ, "ಎಂಥ ದರಿದ್ರ ಮಳೆ!" ಎಂದೆ. ಆತ ಲಗಾಮನ್ನು ಕೈಗೆ ತೆಗೆದುಕೊಂಡವನು ಹಿಂದಿರುಗಿ ನೋಡಿದ.

"ಸಾಹೇಬ್ರ, ಮಳೀಗೆ ಬೈಬ್ಯಾಡ್ರಿ. ನಮ್ಮ ಊರಿಗೆ ಇದಕ್ಕಿಂತ ದೊಡ್ಡ ಪಾವಣ್ಯಾ ಯಾರೂ ಇಲ್ಲ. ನೀವೂ ಬಂದೀರಿ, ಅದೂ ಬಂದೈತಿ. ಇಬ್ರೂ ಇರ್ರಲ್ಲ."

ಪಾವಣ್ಯಾ ಎಂದರೆ ಆ ಕಡೆಯ ಮಾತಿನಲ್ಲಿ ಮನೆಗೆ ಬಂದ ಅತಿಥಿ. ನನಗೆ ಸ್ವಲ್ಪ ನಾಚಿಕೆಯಾಯಿತು. ವರ್ಷಕ್ಕೆ ಸರಾಸರಿ ಸುಮಾರು ೬೦೦ ಮಿಲಿಮೀಟರಿನಷ್ಟು ಮಳೆ ಕಾಣುವ ಊರು ಅದು. ಆ ಸುಲ್ತಾನರ ವೈಭವವೆಲ್ಲ ನಿಂತದ್ದು ನೀರನ್ನು ಹಿಡಿದಿಟ್ಟ ಜಾಣ್ಮೆಯ ಮೇಲೆ. ಇಬ್ರಾಹೀಂ ಆದಿಲ್ ಶಹನ ಕಾಲದಲ್ಲಿ, ೧೬೨೦ರಲ್ಲಿ, ತಾಜ್ ಬಾವಡಿಯೆಂಬ ವಿಶಾಲವಾದ ಬಾವಿಯನ್ನು ಕಟ್ಟಿಸಿದರು. ಅವನ ಮಗ ಮಹಮ್ಮದನ ಕಾಲದಲ್ಲಿ, ೧೬೫೧ರಲ್ಲಿ, ಊರಹೊರಗೆ ಬೇಗಂ ತಲಾಬ್ ಕೆರೆಯಾಯಿತು; ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಪಟ್ಟಣಕ್ಕೆ ಹರಿದುಬರುತ್ತಿತ್ತು. ಒತ್ತಡಕ್ಕೆ ಕೊಳವೆಗಳು ಒಡೆಯದಿರಲೆಂದು ದಾರಿಯುದ್ದಕ್ಕೂ ಗಂಜ್ ಎಂದು ಕರೆಯುವ ಎತ್ತರದ ನೀರುಗೋಪುರಗಳನ್ನು ಕಟ್ಟಿದ್ದರು. ಇವೆಲ್ಲವೂ ನನ್ನ ನೋಟುಬುಕ್ಕಿನಲ್ಲಿದ್ದ ವಿಷಯಗಳೇ. ಆದರೆ ಮಳೆ ಆ ಊರಿನ ಪಾಲಿಗೆ ಏನೆಂಬುದು ನೋಟುಬುಕ್ಕಿನಲ್ಲಿರಲಿಲ್ಲ, ಟಾಂಗಾದವನ ಮುಖದಲ್ಲಿತ್ತು.

ಗೋಳಗುಮ್ಮಟ ದೂರದಿಂದಲೇ ಕಾಣಿಸಿಕೊಂಡಿತು. ಬಿಸಿಲಿನಲ್ಲಿ ಅದನ್ನು ಹಿಂದೆ ಎರಡು ಸಲ ನೋಡಿದ್ದೆ, ಮಳೆಯಲ್ಲಿ ನೋಡಿರಲಿಲ್ಲ. ಕಪ್ಪು ಕಲ್ಲು ತೊಯ್ದು ಇನ್ನಷ್ಟು ಕಪ್ಪಾಗಿ, ಮೇಲಿನ ಗುಮ್ಮಟವು ಮೋಡದಲ್ಲಿ ಅರ್ಧ ಕರಗಿದಂತಿತ್ತು. ಮುಂಭಾಗದ ನಗಾರಖಾನೆಯಲ್ಲಿ ೧೮೯೨ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವಿದೆ. ಪುಟ್ಟಿಯನ್ನು ಕರೆದುಕೊಂಡು ನನ್ನ ಹೆಂಡತಿ ಅಲ್ಲಿಗೆ ಹೋದಳು. ಹಳೆಯ ಶಿಲ್ಪಗಳನ್ನು ನೋಡುವ ಆಸೆಗಿಂತ ಒಂದು ಸೂರು ದೊರೆಯಿತೆಂಬ ಸಂತೋಷವೇ ಅವಳಿಗೆ ಹೆಚ್ಚಾಗಿತ್ತು. ನಾನು ರಾಜುವಿನೊಡನೆ ಕೊಡೆ ಹಿಡಿದು ದಕ್ಷಿಣದ ಬಾಗಿಲಿಗೆ ಬಂದೆ.

ಆ ಬಾಗಿಲಿನ ಮೇಲೆ ಪಾರಸಿಯಲ್ಲಿ ಒಂದು ಶಾಸನವಿದೆ. ಮೂರು ವಾಕ್ಯಗಳು; ಒಂದೊಂದು ವಾಕ್ಯದ ಅಕ್ಷರಗಳಿಗೂ ಅವುಗಳ ಸಂಖ್ಯೆಯನ್ನು ಹಿಡಿದು ಕೂಡಿದರೆ ಹಿಜರಿ ೧೦೬೭ ಬರುತ್ತದೆ. ಮಹಮ್ಮದ್ ಆದಿಲ್ ಶಹನು ತೀರಿಕೊಂಡ ವರ್ಷ ಅದು. ನಮ್ಮ ಲೆಕ್ಕದಲ್ಲಿ ೧೬೫೬. ನಮ್ಮ ಕವಿಗಳು ಶಕವರ್ಷವನ್ನು ಪದಗಳಲ್ಲಿ ಅಡಗಿಸಿಡುತ್ತಿದ್ದ ಜಾಣ್ಮೆಗೆ ಇದು ಸಮಾನವಾದದ್ದೆಂದು ನನಗೆ ಬಹಳ ಹಿಗ್ಗು. ಆ ಹಿಗ್ಗನ್ನು ರಾಜುವಿಗೆ ವಿವರಿಸತೊಡಗಿದೆ. ಅವನ ಕಣ್ಣು ಬಾಗಿಲಿನೆದುರು ಸರಪಳಿಯಲ್ಲಿ ತೂಗುತ್ತಿದ್ದ ಒಂದು ಕಲ್ಲಿನ ಮೇಲಿತ್ತು. ಅದನ್ನು ಬಿಜಲಿ ಪತ್ಥರ್, ಅಂದರೆ ಸಿಡಿಲಕಲ್ಲು ಎನ್ನುತ್ತಾರೆ. ಆಕಾಶದಿಂದ ಬಿದ್ದ ಕಲ್ಲು. ಕಟ್ಟಡಕ್ಕೆ ಸಿಡಿಲು ತಟ್ಟದಂತೆ ಕಾಯುತ್ತದೆಂದು ಜನರ ನಂಬಿಕೆ.

"ಇವತ್ತು ಸಿಡಿಲು ಬಂದರೆ ಅದು ಕೆಲಸ ಮಾಡತ್ತಾ ಅಪ್ಪ?"

"ಮೊದಲು ಶಾಸನದ ವಿಷಯ ಕೇಳು. ಇದನ್ನು ಹಿಡಿದುಕೋ" ಎಂದು ನೋಟುಬುಕ್ಕನ್ನು ಅವನ ಕೈಗೆ ಕೊಟ್ಟು, ಅಕ್ಷರಗಳನ್ನು ಇನ್ನೂ ಹತ್ತಿರದಿಂದ ನೋಡಲು ಹೋದೆ. ಹತ್ತು ನಿಮಿಷ ಕಳೆದಿರಬೇಕು. ತಿರುಗಿ ನೋಡಿದರೆ ಹುಡುಗ ಮೆಟ್ಟಲಿನ ಬಳಿ ಕುಕ್ಕರಗಾಲಲ್ಲಿ ಕುಳಿತಿದ್ದಾನೆ. ಜಗಲಿಯಿಂದ ಇಳಿದ ಮಳೆಯ ನೀರು ಅವನ ಮುಂದೆ ಕಾಲುವೆಯಾಗಿ ಹರಿಯುತ್ತಿದೆ. ಅದರಲ್ಲಿ ನಾಲ್ಕು ಕಾಗದದ ದೋಣಿಗಳು ಒಂದರ ಹಿಂದೊಂದು ಸಾಗುತ್ತಿವೆ. ಐದನೆಯದು ಅವನ ಕೈಯಲ್ಲಿ ಸಿದ್ಧವಾಗುತ್ತಿದೆ. ದೋಣಿಗಳ ಮೇಲಿನ ಬರವಣಿಗೆಯನ್ನು ನಾನು ದೂರದಿಂದಲೇ ಗುರುತಿಸಿದೆ. ಅದು ನನ್ನದು! ಎರಡನೆಯ ಇಬ್ರಾಹೀಮನ ಇಡೀ ಆಳ್ವಿಕೆ, ೧೫೮೦ರಿಂದ ೧೬೨೭ರವರೆಗೆ, ಒಂದೇ ದೋಣಿಯಲ್ಲಿ ಕುಳಿತು ಚರಂಡಿಯ ಕಡೆಗೆ ಹೋಗುತ್ತಿತ್ತು.

ಈಗ ನೆನೆದರೆ ನಗು ಬರುತ್ತದೆ. ಆಗ ಬರಲಿಲ್ಲ. ರಾತ್ರಿಯ ನಿದ್ರೆಗೇಡು, ಮಳೆ, ತಪ್ಪಿಹೋದ ಗಂಟೆ ನಿಮಿಷಗಳು ಎಲ್ಲವೂ ಸೇರಿ ನನ್ನ ಬಾಯಿಂದ ಹೊರಬಿದ್ದುವು. "ನಿನಗೆ ಬುದ್ಧಿ ಇದೆಯೇನೋ? ನಿನ್ನನ್ನು ಕರೆದುಕೊಂಡು ಬಂದದ್ದೇ ತಪ್ಪು! ಇನ್ನೊಂದು ಸಲ ಹೀಗೆ ಮಾಡಿದರೆ ನಿನ್ನನ್ನು ಈ ಗುಮ್ಮಟದಲ್ಲೇ ಬಿಟ್ಟು ಊರಿಗೆ ಹೋಗ್ತೀನಿ!" ಎಂದು ಕೂಗಿದೆ. ಕೊಡೆಗಳ ಕೆಳಗಿದ್ದ ಹತ್ತಾರು ಜನ ತಿರುಗಿ ನೋಡಿದರು. ರಾಜು ಅಳಲಿಲ್ಲ. ಕೈಯಲ್ಲಿದ್ದ ದೋಣಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎದ್ದು ನಿಂತ. ಅಷ್ಟೆ.

ಹೆಂಡತಿ, ಪುಟ್ಟಿ ಬಂದು ಸೇರಿದ ಮೇಲೆ ಒಳಗೆ ಹೋದೆವು. ಆ ಒಳಾಂಗಣವನ್ನು ನೋಡದವರಿಗೆ ಮಾತಿನಲ್ಲಿ ತಿಳಿಸುವುದು ಕಷ್ಟ. ಸುಮಾರು ೧,೭೦೦ ಚದರ ಮೀಟರು ನೆಲ; ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಚೌಕವಾದ ಗೋಡೆಗಳನ್ನು ಮೆಲ್ಲನೆ ವರ್ತುಲಕ್ಕೆ ತಿರುಗಿಸಿ, ಒಳಗೆ ಸುಮಾರು ೩೮ ಮೀಟರು ಅಗಲವಿರುವ ಗುಮ್ಮಟವನ್ನು ತಮ್ಮ ಹೆಗಲ ಮೇಲೆ ಹೊತ್ತಿವೆ. ನಡುವಿನ ಕಟ್ಟೆಯ ಮೇಲೆ ಸುಲ್ತಾನ, ಅವನ ಇಬ್ಬರು ಬೇಗಮರು, ಮಗಳು, ಮೊಮ್ಮಗ, ರಂಭಾ ಎಂಬ ನರ್ತಕಿ, ಇವರ ಸಮಾಧಿಗಳ ಗುರುತುಗಳಿವೆ; ನಿಜವಾದ ಗೋರಿಗಳಿರುವುದು ನೆಲಮಾಳಿಗೆಯಲ್ಲಿ. ಇದನ್ನೆಲ್ಲ ನಾನು ಹೇಳುತ್ತ ಹೋದೆ. ರಾಜು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹುಡುಗ ಕೊನೆಗೂ ಗಮನವಿಟ್ಟು ಕೇಳುತ್ತಿದ್ದಾನೆಂದು ನಾನು ಭಾವಿಸಿದೆ! ಹದಿಮೂರು ವರ್ಷ ಪಾಠ ಹೇಳಿದ ಅನುಭವವಿದ್ದರೂ, ಗಮನದ ಮೌನಕ್ಕೂ ನೊಂದ ಮೌನಕ್ಕೂ ಇರುವ ವ್ಯತ್ಯಾಸ ನನಗೆ ತಿಳಿಯಲಿಲ್ಲ.

ಮೇಲಕ್ಕೆ ಹೋಗಲು ನಾಲ್ಕು ಮೂಲೆಗಳ ಏಳಂತಸ್ತಿನ ಮಿನಾರುಗಳಲ್ಲಿ ಇಕ್ಕಟ್ಟಾದ ಸುತ್ತುಮೆಟ್ಟಲುಗಳಿವೆ. ಹತ್ತಿ ಬಂದರೆ ಬಯಲು ಮಾಳಿಗೆ. ಅಲ್ಲಿಂದ ಗುಮ್ಮಟದ ದಪ್ಪ ಗೋಡೆಯಲ್ಲಿ ಕೊರೆದ ಸಣ್ಣ ಬಾಗಿಲುಗಳ ಮೂಲಕ ಒಳಗಿನ ವರ್ತುಲಾಕಾರದ ಮೊಗಸಾಲೆಗೆ ಪ್ರವೇಶ. ಅದೇ ಲೋಕಪ್ರಸಿದ್ಧವಾದ ಪಿಸುಮಾತಿನ ಗ್ಯಾಲರಿ. ನೆಲದಿಂದ ಮೂವತ್ತು ಮೀಟರಿಗಿಂತ ಎತ್ತರದಲ್ಲಿದೆ. ನಾನೂ ರಾಜುವೂ ಮೊದಲು ತಲುಪಿದೆವು. ಕೆಳಗೆ ಪುಟ್ಟಿ ಮೆಟ್ಟಲ ಮೇಲೆ ಕುಳಿತು ಸತ್ಯಾಗ್ರಹ ಹೂಡಿದ್ದಳು. "ಇಲ್ಲೇ ನಿಂತಿರು" ಎಂದು ರಾಜುವಿಗೆ ಹೇಳಿ, ಅವಳನ್ನು ಎತ್ತಿಕೊಂಡು ಬರಲು ಇಳಿದೆ. ಇಳಿಯುವಾಗ ಒಂದು ಶಾಲೆಯ ಐವತ್ತು ಅರವತ್ತು ಮಕ್ಕಳು ಸಾಲಾಗಿ ಎದುರು ಹತ್ತಿ ಬರುತ್ತಿದ್ದರು. ಗೋಡೆಗೆ ಒರಗಿ ಅವರಿಗೆ ದಾರಿ ಬಿಟ್ಟೆ. ಪುಟ್ಟಿಯನ್ನು ಹೆಗಲಿಗೇರಿಸಿಕೊಂಡು ಮರಳಿ ಬಂದಾಗ ರಾಜು ಇರಲಿಲ್ಲ.

ಮೊದಲು ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಗ್ಯಾಲರಿಯೊಳಗೆ ಇಣುಕಿ "ರಾಜೂ!" ಎಂದು ಕೂಗಿದೆ. ಒಳಗೆ ಆ ಶಾಲೆಯ ಮಕ್ಕಳ ಕೇಕೆ, ಚಪ್ಪಾಳೆ, ಶಿಳ್ಳೆ ಎಲ್ಲವೂ ಹತ್ತುಪಟ್ಟಾಗಿ ಗುಮ್ಮಟದಲ್ಲಿ ಉರುಳಾಡುತ್ತಿದ್ದುವು. ನನ್ನ ಕೂಗೂ ಅವುಗಳೊಡನೆ ಸೇರಿ ಉರುಳಿತು. ಮೋಡದ ದಿನವಾದ್ದರಿಂದ ಒಳಗೆ ಬೆಳಕು ಕಡಮೆ. ಆಚೆಯ ಬದಿಯಲ್ಲಿ ತಲೆಗಳು ಕಾಣುತ್ತಿದ್ದುವೇ ಹೊರತು ಮುಖಗಳು ಕಾಣುತ್ತಿರಲಿಲ್ಲ. ಪುಟ್ಟಿಯನ್ನು ತಾಯಿಯ ಕೈಗೆ ಕೊಟ್ಟು ಮಾಳಿಗೆಗೆ ಓಡಿದೆ. ಮಳೆ ಜೋರಾಗಿತ್ತು. ತೊಯ್ದ ಕಲ್ಲು ಜಾರುತ್ತಿತ್ತು. ಅಂಚಿನ ಗೋಡೆಯ ಬಳಿಗೆ ಹೋಗಿ ಕೆಳಗೆ ಬಗ್ಗಿ ನೋಡಿದೆ. ನಾನು ಏನನ್ನು ಹುಡುಕಿ ಹಾಗೆ ಬಗ್ಗಿದೆನೆಂಬುದು ಬಗ್ಗಿದ ಮೇಲೆ ನನಗೆ ಹೊಳೆಯಿತು, ಮೈಯೆಲ್ಲ ತಣ್ಣಗಾಯಿತು. ಮಕ್ಕಳನ್ನು ಹೆತ್ತವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಮಾಳಿಗೆಯ ಸುತ್ತ ಓಡಿ ಬಂದು, ಇನ್ನೊಂದು ಬಾಗಿಲಿನಿಂದ ಮತ್ತೆ ಒಳಗೆ ನುಗ್ಗಿ, ಎದೆ ಬಿರಿಯುವಂತೆ "ರಾಜೂ! ರಾಜೂ! ಎಲ್ಲಿದ್ದೀಯೋ?" ಎಂದು ಅರಚಿದೆ. ಅದನ್ನು ಗುಮ್ಮಟವು ನನಗೇ ತಿರುಗಿಸಿ ಕೊಟ್ಟಿತು. ಪ್ರತಿಧ್ವನಿಯನ್ನು ಕೆಲವರು ಏಳು ಸಲ, ಕೆಲವರು ಹತ್ತು ಸಲ ಎಂದು ಲೆಕ್ಕ ಹಾಕುತ್ತಾರೆ. ನಾನು ಲೆಕ್ಕ ಹಾಕಲಿಲ್ಲ. ಆದರೆ ಪ್ರತಿಯೊಂದು ಸಲವೂ ಆ ಧ್ವನಿಯಲ್ಲಿದ್ದ ಸಿಡುಕನ್ನು ಚೆನ್ನಾಗಿ ಕೇಳಿದೆ. ಭಯದಿಂದ ಕೂಗಿದ್ದು ನಿಜ. ಕೇಳಿಸಿದ್ದು ಮಾತ್ರ ಗದರಿಕೆಯಂತೆ. ಬೆಳಗ್ಗೆ ಬಾಗಿಲಿನ ಬಳಿ ಗದರಿಸಿದ ಧ್ವನಿಯೇ ಅದು.

ಅಷ್ಟರಲ್ಲಿ ಕಾವಲುಗಾರನೊಬ್ಬ ನನ್ನ ತೋಳು ಹಿಡಿದ.

"ಸರ, ಇಲ್ಲಿ ಒದರಿದ್ರ ಯಾರಿಗೂ ತಿಳಿಯೂದಿಲ್ರಿ. ಯಾವ ಕಡಿಂದ ಬಂತು ಅಂತ ಹುಡುಗಗ ಹ್ಯಾಂಗ ಗೊತ್ತಾಗಬೇಕು? ತಡೀರಿ, ಇವರನ್ನ ಸುಮ್ನ ಮಾಡಸ್ತೀನಿ. ಆಮ್ಯಾಗ ಗ್ವಾಡಿಗೆ ಬಾಯಿ ಹಚ್ಚಿ ಸಾವಕಾಶ ಮಾತಾಡ್ರಿ."

ಆತ ಶಾಲೆಯ ಅಧ್ಯಾಪಿಕೆಯ ಬಳಿಗೆ ಹೋಗಿ ಏನೋ ಹೇಳಿದ. ಆಕೆ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಇನ್ನೊಂದು ಕೈಯನ್ನು ಮೇಲೆತ್ತಿದರು. ಆ ಅರವತ್ತು ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಬಾಯಿ ಮುಚ್ಚಿದರು. ಪ್ರತಿಧ್ವನಿಗಳು ಒಂದೊಂದಾಗಿ ಸತ್ತುವು. ಆಮೇಲೆ ಆ ಗುಮ್ಮಟದಲ್ಲಿ ಉಳಿದ ನಿಶ್ಶಬ್ದವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಗೋಡೆಗೆ ಮುಖ ಸೇರಿಸಿದೆ. ಕಲ್ಲು ತಣ್ಣಗಿತ್ತು. ಏನು ಹೇಳಲಿ? ನನ್ನ ಎಂ.ಎ. ಪದವಿಯಲ್ಲಿ ಆ ಕ್ಷಣಕ್ಕೆ ಒದಗುವ ಒಂದು ವಾಕ್ಯವೂ ಇರಲಿಲ್ಲ. ಕೊನೆಗೆ, "ರಾಜು, ನಾನು ಕಣೋ. ನನಗೆ ದೋಣಿ ಮಾಡೋದು ಮರೆತುಹೋಗಿದೆ. ಹೇಳಿಕೊಡ್ತೀಯಾ?" ಎಂದೆ, ಪಿಸುಮಾತಿನಲ್ಲಿ.

ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ನನ್ನ ಕಿವಿಯ ಹತ್ತಿರವೇ, ಗೋಡೆಯೊಳಗಿಂದ ಬಂದಂತೆ, ಒಂದು ಸಣ್ಣ ಧ್ವನಿ:

"ಬೈತೀಯಾ ಅಪ್ಪ?"

"ಇಲ್ಲ."

"ಬಿಟ್ಟು ಹೋಗ್ತೀಯಾ?"

"ಇಲ್ಲ ಕಣೋ. ಯಾವತ್ತೂ ಇಲ್ಲ."

ಎದುರು ಬದಿಯಲ್ಲಿ, ಶಾಲೆಯ ಮಕ್ಕಳ ಸಾಲಿನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ಮೊಣಕಾಲುಗಳ ನಡುವೆ ತಲೆ ಹುದುಗಿಸಿ ಕುಳಿತಿದ್ದ ಒಂದು ಆಕೃತಿ ಎದ್ದು ನಿಂತಿತು. ನಾನು ಆ ಅರ್ಧ ವರ್ತುಲವನ್ನು ಹೇಗೆ ದಾಟಿದೆನೋ ತಿಳಿಯದು.

ಇದರಲ್ಲಿ ಪವಾಡವೇನೂ ಇಲ್ಲ. ಒಳಬಾಗಿನ ಗೋಡೆಯ ಪಕ್ಕದಲ್ಲಿ ಮೆಲ್ಲಗೆ ಆಡಿದ ಮಾತು ಗೋಡೆಯನ್ನೇ ಸವರಿಕೊಂಡು, ಹೆಚ್ಚು ಚದುರದೆ, ಸುತ್ತಲೂ ಹರಿಯುತ್ತದೆ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿಯೂ ಹೀಗೆಯೇ ಆಗುವುದನ್ನು ಕಂಡು ರೇಲಿ ಎಂಬ ಭೌತವಿಜ್ಞಾನಿ ಇದರ ಕಾರಣವನ್ನು ವಿವರಿಸಿದ. ಗಟ್ಟಿಯಾದ ಕೂಗಾದರೋ ಗುಮ್ಮಟದ ಎಲ್ಲ ಭಾಗಗಳಿಗೂ ಬಡಿದು, ಒಂದರ ಮೇಲೊಂದು ಬಿದ್ದು ಹಿಂದಿರುಗುತ್ತದೆ. ಅದರ ಮೂಲ ಎಲ್ಲಿಯದೆಂದು ಯಾರಿಗೂ ತಿಳಿಯುವುದಿಲ್ಲ. ರಾಜು ಅನಂತರ ನನಗೆ ಹೇಳಿದ್ದೂ ಅದನ್ನೇ, ತನ್ನ ಮಾತಿನಲ್ಲಿ: "ನೀನು ಕೂಗಿದಾಗ ಎಲ್ಲಾ ಕಡೆಯಿಂದಲೂ ಬಂತು ಅಪ್ಪ. ಎಷ್ಟೊಂದು ಅಪ್ಪಂದಿರಿಗೆ ಕೋಪ ಬಂದಿದೆ ಅನ್ನಿಸ್ತು. ಅದಕ್ಕೇ ಬಚ್ಚಿಟ್ಟುಕೊಂಡೆ."

ನನ್ನ ಹೆಂಡತಿ ಏನನ್ನೂ ಹೇಳಲಿಲ್ಲ. ಸೆರಗಿನಿಂದ ಮೊದಲು ಅವನ ತಲೆಯನ್ನು, ಆಮೇಲೆ ನನ್ನ ತಲೆಯನ್ನು ಒರಸಿದಳು. ಹಾಗೆ ಏನನ್ನೂ ಹೇಳದಿದ್ದುದು ಹತ್ತು ಪ್ರತಿಧ್ವನಿಗಳಿಗಿಂತ ಹೆಚ್ಚಾಗಿ ನನಗೆ ಕೇಳಿಸಿತು.

ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿ. ಪುಟ್ಟಿ ರೊಟ್ಟಿಯನ್ನು ತಟ್ಟೆಯಿಂದೆತ್ತಿ ಮುಖಕ್ಕೆ ಹಿಡಿದು ಅದರ ಶಾಖವನ್ನು ಅನುಭವಿಸಿದಳು. ಊಟವಾದ ಮೇಲೆ ಪಟ್ಟಿಯ ಗತಿಯೇನೆಂದು ವಿಚಾರ ಮಾಡಿದೆವು. ಉಳಿದ ಸ್ಥಳಗಳಲ್ಲಿ ಎರಡನ್ನು ಮಾತ್ರ ಮಕ್ಕಳೇ ಆರಿಸಲಿ ಎಂದು ನಾನು ಸೂಚಿಸಿದೆ. ರಾಜು ತೋಪನ್ನು ಆರಿಸಿದ. ಪುಟ್ಟಿ, "ಟಾಂಗಾ" ಎಂದಳು. ಅದು ಸ್ಥಳವಲ್ಲವೆಂದು ತಿಳಿಯಹೇಳಲು ಯಾರಿಂದಲೂ ಆಗಲಿಲ್ಲ.

ಪಶ್ಚಿಮದ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಮಳೆಯಲ್ಲಿ ತೊಯ್ದು ಹೊಳೆಯುತ್ತಿತ್ತು. ೧೫೪೯ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ, ಸುಮಾರು ೫೫ ಟನ್ ತೂಗುವ ಕಂಚಿನ ತೋಪು. ೧೬೩೨ರಲ್ಲಿ ಇಲ್ಲಿಗೆ ಬಂತು. ಅದರ ಬಾಯಿಯನ್ನು ಆನೆಯೊಂದನ್ನು ನುಂಗುತ್ತಿರುವ ಘೋರಮೃಗದ ಆಕಾರದಲ್ಲಿ ಮಾಡಿದ್ದಾರೆ. ೧೮೫೪ರಲ್ಲಿ ಇದನ್ನು ಹರಾಜಿಗೆ ಹಾಕಿದಾಗ ೧೫೦ ರೂಪಾಯಿಗಿಂತ ಹೆಚ್ಚಿಗೆ ಯಾರೂ ಕೂಗಲಿಲ್ಲವಂತೆ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಅನುರಣಿಸುತ್ತದೆ. ರಾಜು ತಟ್ಟಿ ಕಿವಿಯಿಟ್ಟು ಕೇಳಿ, "ಇದನ್ನು ಹಾರಿಸಿದವನ ಕಿವಿ ಏನಾಗ್ತಿತ್ತು?" ಎಂದ. ಬತ್ತಿಗೆ ಕಿಚ್ಚಿಟ್ಟ ಕೂಡಲೇ ಗೋಲಂದಾಜನು ಪಕ್ಕದ ನೀರಿನ ತೊಟ್ಟಿಯಲ್ಲಿ ತಲೆ ಮುಳುಗಿಸುತ್ತಿದ್ದನೆಂದು ಅಲ್ಲಿಯವರು ಹೇಳುವ ಕಥೆಯನ್ನು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ನನ್ನ ಮುಖವನ್ನು ನೋಡಿದ. ಗಟ್ಟಿಯಾಗಿ ಗರ್ಜಿಸುವವನಿಗೂ ಕಿವಿ ಇರುತ್ತದೆಂದು ಅವನು ಕಂಡುಕೊಂಡನೋ ಏನೋ! ನಾನಂತೂ ಕಂಡುಕೊಂಡಿದ್ದೆ.

ಹಿಂದಿರುಗುವಾಗ ಟಾಂಗಾ ಬಾರಾ ಕಮಾನಿನ ಮುಂದೆ ನಿಂತಿತು. ಎರಡನೆಯ ಅಲಿ ಆದಿಲ್ ಶಹನು ತಂದೆಯ ಗುಮ್ಮಟವನ್ನು ಮೀರಿಸಬೇಕೆಂದು ತನಗಾಗಿ ಕಟ್ಟಿಸತೊಡಗಿದ ಸಮಾಧಿ ಅದು. ೧೬೭೨ರಲ್ಲಿ ಅವನು ತೀರಿಕೊಂಡ. ಕಟ್ಟಡ ಅರ್ಧಕ್ಕೆ ನಿಂತಿತು. ಹದಿನಾಲ್ಕು ವರ್ಷಗಳ ಮೇಲೆ, ೧೬೮೬ರಲ್ಲಿ, ಔರಂಗಜೇಬನು ಬಂದು ಆ ರಾಜ್ಯವನ್ನೇ ಮುಗಿಸಿದ. ಛಾವಣಿಯಿಲ್ಲದ ಆ ಕಮಾನುಗಳ ನಡುವೆ ಮಳೆ ನೇರವಾಗಿ ಸುರಿಯುತ್ತಿತ್ತು. "ಪಾಪ, ಅವರಿಗೂ ಪಟ್ಟಿ ಮುಗಿಸೋಕಾಗಲಿಲ್ಲ" ಎಂದಳು ನನ್ನ ಹೆಂಡತಿ. ಆ ದಿನದ ಅತ್ಯುತ್ತಮ ಟಿಪ್ಪಣಿ ಅದೇ. ಅಲ್ಲಿಯೇ ರಸ್ತೆಯ ಬದಿಯ ನೀರಿನಲ್ಲಿ ನಾವು ನಾಲ್ವರೂ ದೋಣಿಗಳನ್ನು ಬಿಟ್ಟೆವು. ಕಾಗದ ನನ್ನ ನೋಟುಬುಕ್ಕಿನದು. ಹಾಳೆಗಳನ್ನು ಹರಿದುಕೊಟ್ಟವನು ನಾನೇ. ಟಾಂಗಾದ ವೃದ್ಧನೂ ಇಳಿದು ಬಂದು ಒಂದನ್ನು ಮಡಿಸಿದ. ಅವನ ದೋಣಿಗೆ ಹಾಯಿಯೂ ಇತ್ತು.

ಕನ್ನಡದ ಅಧ್ಯಾಪಕನಾದ ನನಗೆ ಆ ಊರಿನಲ್ಲಿ ಇನ್ನೊಂದು ಋಣವಿತ್ತು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಅರಸಿ, ೧೯೨೩ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಹೊರತಂದರು. ಅನಂತರ ತಮ್ಮದೇ ಮುದ್ರಣಾಲಯವನ್ನೂ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿ, ೧೯೬೪ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾಯಕದಲ್ಲಿ ಬಾಳಿದರು. ಅದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮಾತುಗಳು ಇಂದು ನನ್ನ ತರಗತಿಗೆ ಬಂದು ತಲುಪಿರುವುದು ಅಂಥವರು ಕಿವಿಗೊಟ್ಟು ಕೇಳಿದ್ದರಿಂದ. ಎಂಟುನೂರು ವರ್ಷ ಉಳಿದುಬಂದದ್ದು ಕೂಗಲ್ಲ, ಆಡುಮಾತು. ಈ ವಿಷಯವನ್ನು ನಾನು ಆ ಸಂಜೆ ಮಕ್ಕಳಿಗೆ ಬೋಧಿಸಲಿಲ್ಲ. ಪುಟ್ಟಿ ನನ್ನ ತೊಡೆಯ ಮೇಲೆ ನಿದ್ರೆ ಹೋಗಿದ್ದಳು.

ಮಕ್ಕಳೊಡನೆ ವಿಜಯಪುರಕ್ಕೆ ಹೋಗುವ ವಾಚಕರಿಗೆ ಎರಡು ಮಾತು. ದಿನಕ್ಕೆ ಎರಡು ಸ್ಥಳ ಸಾಕು, ಮೂರನೆಯದು ದುರಾಸೆ. ಗುಮ್ಮಟಕ್ಕೆ ಶಾಲೆಯ ತಂಡಗಳು ಬರುವುದಕ್ಕೆ ಮೊದಲು, ಬೆಳಗ್ಗೆಯೇ ಹೋಗಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಸುತ್ತುಮೆಟ್ಟಲಲ್ಲಿ ಸಣ್ಣವರ ಕೈ ಬಿಡಬೇಡಿ, ಮೇಲೆ ಬಂದ ಮೇಲಂತೂ ಬಿಡಲೇಬೇಡಿ. ಮಳೆ ಬಂದರೆ ಬಯ್ಯಬೇಡಿ. ಅದು ನಿಮಗಿಂತ ದೊಡ್ಡ ಅತಿಥಿ. ಒಂದು ಖಾಲಿ ನೋಟುಬುಕ್ಕು ಜೊತೆಯಲ್ಲಿರಲಿ. ಎರಡು ಮಾತೆಂದು ಹೊರಟು ಇಷ್ಟಾಯಿತು. ಅಧ್ಯಾಪಕನ ಚಾಳಿ, ಮನ್ನಿಸಬೇಕು.

ನಾನು ಪೂರ್ತಿ ತಿದ್ದಿಕೊಂಡೆನೆಂದು ಹೇಳಿದರೆ ಮನೆಯವರು ನಗುತ್ತಾರೆ. ಕಳೆದ ಭಾನುವಾರ ರಾಜು ಶಾಯಿಯ ಸೀಸೆಯನ್ನು ನನ್ನ ಉತ್ತರಪತ್ರಿಕೆಗಳ ಮೇಲೆ ಉರುಳಿಸಿದಾಗ ನನ್ನ ಧ್ವನಿ ಮೇಲೇರಿತು. ಒಡನೆಯೇ ಪುಟ್ಟಿ ಆಟವನ್ನು ಬಿಟ್ಟು ಎದ್ದು ಬಂದು, ನನ್ನ ಕೈ ಹಿಡಿದು ಎಳೆಯುತ್ತ, "ಅಪ್ಪ, ಗೋಡೆಗೆ ಹೇಳು" ಎಂದಳು. ನಮ್ಮ ಬಾಡಿಗೆಮನೆಯ ಗೋಡೆಗೆ ಪಿಸುಮಾತನ್ನು ಒಯ್ಯುವ ಶಕ್ತಿಯಿಲ್ಲ. ಆದರೂ ಹೋಗಿ ಮುಖವಿಟ್ಟೆ. ಅಲ್ಲಿಗೆ ಹೋಗುವ ನಾಲ್ಕು ಹೆಜ್ಜೆಗಳಲ್ಲಿ ಅರ್ಧ ಸಿಟ್ಟು ಇಳಿದಿತ್ತು. ಉಳಿದರ್ಧಕ್ಕೆ ಏನು ಹೇಳಬೇಕೆಂದು ಯೋಚಿಸುತ್ತಿರುವಾಗ, ಗೋಡೆಯ ಇನ್ನೊಂದು ತುದಿಯಲ್ಲಿ ರಾಜು ಆಗಲೇ ಕಿವಿಯಿಟ್ಟು ನಿಂತಿದ್ದ.